ಲೆಡ್‌ವಿಲ್ 100 ಎಂಟಿಬಿ ರೇಸ್‌ಗೆ ಸೀಟು ಸಿಕ್ಕಿದೆ. ಬೆಂಗಳೂರಿನಲ್ಲೇ ಇದ್ದುಕೊಂಡು ತಯಾರಿ ಹೇಗೆ?

ಮಲ್ಲೇಶ್ವರದ ಸವಾರ

ಎಲ್ಲರಿಗೂ ನಮಸ್ಕಾರ. ಲಾಟರಿಯಲ್ಲಿ ನನ್ನ ಹೆಸರು ಬಂದಿದೆ. ಬರುವ ಆಗಸ್ಟ್‌ನಲ್ಲಿ ಅಮೆರಿಕದ ಕೊಲೊರಾಡೊಗೆ ಹೋಗಿ ಲೆಡ್‌ವಿಲ್ ಟ್ರೇಲ್ 100 ಎಂಟಿಬಿ ತುಳಿಯಬೇಕು. ಈ ರೇಸ್ ಬಗ್ಗೆ ಕೇಳಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 1994ರಿಂದ ನಡೆಯುತ್ತಿರುವ ಮೌಂಟನ್ ಬೈಕ್ ರೇಸ್ ಇದು. ದೂರ 100 ಮೈಲಿಗಿಂತ ಸ್ವಲ್ಪ ಜಾಸ್ತಿ, ಅಂದರೆ 165 ಕಿ.ಮೀ. ಆಸುಪಾಸು. ಒಟ್ಟು ಏರು 3,600 ಮೀಟರ್ ದಾಟುತ್ತದೆ. ಊರು ಇರುವುದೇ 3,100 ಮೀಟರ್ ಎತ್ತರದಲ್ಲಿ. ದಾರಿಯ ಅತಿ ಎತ್ತರದ ಜಾಗ ಕೊಲಂಬೈನ್ ಗಣಿ, ಅದು 3,800 ಮೀಟರ್ ಹತ್ತಿರ. 12 ಗಂಟೆಯೊಳಗೆ ಮುಗಿಸಿದವರಿಗೆ ಬೆಲ್ಟಿನ ಬಕಲ್ ಕೊಡುತ್ತಾರೆ. 9 ಗಂಟೆಯೊಳಗೆ ಬಂದರೆ ದೊಡ್ಡ ಬಕಲ್. ನನ್ನ ಗುರಿ 12 ಗಂಟೆ, ಅಷ್ಟೇ.

ವಾರದ ದಿನಗಳಲ್ಲಿ ಬೆಳಗ್ಗೆ ಮನೆಯೊಳಗೆ ಸೈಕಲ್ ಸಿಕ್ಕಿಸಿ ತುಳಿಯುವ ಟ್ರೇನರ್ ಮೇಲೆ ಒಂದೂಕಾಲು ಗಂಟೆ ತುಳಿಯುತ್ತೇನೆ. ಭಾನುವಾರ ನಂದಿ ಬೆಟ್ಟ. ಎಫ್‌ಟಿಪಿ, ಅಂದರೆ ಸುಮಾರು ಒಂದು ಗಂಟೆ ಹಿಡಿದಿಡಬಹುದಾದ ಗರಿಷ್ಠ ಶಕ್ತಿ, 220 ವ್ಯಾಟ್, ತೂಕ 71 ಕೆ.ಜಿ. ಮನಾಲಿಯಿಂದ ಲೇಹ್‌ಗೆ ಸೈಕಲ್ ತುಳಿದಿದ್ದೇನೆ, ಎತ್ತರದ ತಲೆನೋವು ಹೇಗಿರುತ್ತದೆ ಅಂತ ಗೊತ್ತು. ಆದರೆ ಅಲ್ಲಿ ಯಾರೂ ಗಡಿಯಾರ ಹಿಡಿದು ಕಾಯುತ್ತಿರಲಿಲ್ಲ. ಸುಸ್ತಾದರೆ ಟೆಂಟ್ ಹಾಕಿ ಮಲಗುತ್ತಿದ್ದೆವು. ಇಲ್ಲಿ ಹಾಗಾಗುವುದಿಲ್ಲ.

ಕೆಲವು ಪ್ರಶ್ನೆ: ತರಬೇತಿ ಹೇಗಿರಬೇಕು? ಎಷ್ಟು ದಿನ ಮೊದಲು ಹೋಗಬೇಕು? ಎತ್ತರದ ತೊಂದರೆಗೆ ಕೊಡುವ ಡೈಮಾಕ್ಸ್ ಮಾತ್ರೆ ತೆಗೆದುಕೊಳ್ಳಬಹುದಾ? ಸೈಕಲ್ ಇಲ್ಲಿಂದ ಒಯ್ಯಬೇಕಾ, ಅಲ್ಲೇ ಬಾಡಿಗೆಗೆ ತೆಗೆದುಕೊಂಡರೆ ಆಗುತ್ತದಾ?

ಡೆನ್ವರ್ ಕನ್ನಡಿಗ

ಅಭಿನಂದನೆ ಸರ್! ನಾನು ತುಮಕೂರಿನವನು, ಡೆನ್ವರ್‌ನಲ್ಲಿ ಕೆಲಸ. ಈ ರೇಸ್ ಮುಗಿಸಿದ್ದೇನೆ, ಗೆಳೆಯರಿಗೆ ಕ್ರೂ, ಅಂದರೆ ದಾರಿಯಲ್ಲಿ ನೀರು ತಿಂಡಿ ಕೊಡುವ ಸಹಾಯಕ, ಆಗಿಯೂ ನಿಂತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲನೆಯದಾಗಿ, ನಿಮ್ಮ 220 ವ್ಯಾಟ್ ಇಲ್ಲಿಗೆ ಬಂದ ದಿನ 180ರ ಹತ್ತಿರಕ್ಕೆ ಇಳಿಯುತ್ತದೆ. ಕೊಲಂಬೈನ್ ಮೇಲೆ ಇನ್ನೂ ಕಡಿಮೆ. ನೀವು ಎಷ್ಟೇ ತರಬೇತಿ ಮಾಡಿದರೂ ಎತ್ತರ ತನ್ನ ಪಾಲು ತೆಗೆದುಕೊಂಡೇ ತೆಗೆದುಕೊಳ್ಳುತ್ತದೆ. ಇದನ್ನು ಒಪ್ಪಿಕೊಂಡು ಲೆಕ್ಕ ಹಾಕುವವರು ಬಕಲ್ ತೊಟ್ಟು ಮನೆಗೆ ಹೋಗುತ್ತಾರೆ. ಒಪ್ಪದೆ ಬೆಂಗಳೂರಿನ ವ್ಯಾಟ್ ಹಿಡಿದು ಹೊರಟವರು 130ನೇ ಕಿ.ಮೀ.ನಲ್ಲಿ ರಸ್ತೆ ಬದಿ ಕೂತಿರುತ್ತಾರೆ. ನಾನೇ ಅಂಥವರಿಗೆ ಕೋಕ್ ಕುಡಿಸಿ ಎಬ್ಬಿಸಿದ್ದೇನೆ.

ದಾರಿ ಹೋದಂತೆಯೇ ವಾಪಸ್ ಬರುತ್ತದೆ. ಬೆಳಗ್ಗೆ ಆರೂವರೆಗೆ ಬಂದೂಕು ಹಾರಿಸಿ ಬಿಡುತ್ತಾರೆ. ಆಗಸ್ಟ್ ಆದರೂ ಆ ಹೊತ್ತಿಗೆ ಐದಾರು ಡಿಗ್ರಿ ಚಳಿ. ಮೊದಲು ಟಾರು ರಸ್ತೆಯ ಇಳಿಜಾರು, ಕೈಬೆರಳು ಮರಗಟ್ಟುತ್ತದೆ. ಆಮೇಲೆ ಸೇಂಟ್ ಕೆವಿನ್ಸ್ ಅನ್ನುವ ಜಲ್ಲಿಯ ಏರು. ಸಾವಿರಕ್ಕೂ ಜಾಸ್ತಿ ಜನ ಒಟ್ಟಿಗೆ ನುಗ್ಗುತ್ತಾರೆ. ಮುಂದಿನವನ ಹಿಂದಿನ ಗಾಲಿಗೆ ನಿಮ್ಮ ಮುಂದಿನ ಗಾಲಿ ತಾಗುವಷ್ಟು ಗದ್ದಲ. ಮೈ ಹಗುರ, ಕಾಲು ತಾಜಾ, ಸುತ್ತ ಎಲ್ಲರೂ ಜೋರಾಗಿ ತುಳಿಯುತ್ತಿರುತ್ತಾರೆ. ಇಲ್ಲಿ ನೀವು 200 ವ್ಯಾಟ್ ತುಳಿದರೆ ಏನೂ ಅನ್ನಿಸುವುದಿಲ್ಲ. ಅನ್ನಿಸುವುದು ಏಳು ಗಂಟೆ ತುಳಿದ ಮೇಲೆ. ನನ್ನ ಮಾತು ಕೇಳುವುದಾದರೆ ಸೇಂಟ್ ಕೆವಿನ್ಸ್‌ನಲ್ಲಿ ವ್ಯಾಟ್ ಮೀಟರ್ 150ರ ಮೇಲೆ ಜಾಸ್ತಿ ಹೊತ್ತು ನಿಲ್ಲಬಾರದು. ಜನ ದಾಟಿಕೊಂಡು ಹೋಗಲಿ, ಬಿಡಿ.

ಅದಾದ ಮೇಲೆ ಶುಗರ್‌ಲೋಫ್ ಏರು, ಆಮೇಲೆ ಪವರ್‌ಲೈನ್ ಇಳಿಜಾರು. ಕರೆಂಟ್ ತಂತಿಯ ಕೆಳಗೆ ನೇರ ಇಳಿಯುವ ದಾರಿ ಅದು. ಮಳೆ ನೀರು ಕೊರೆದ ಆಳ ಕೊರಕಲು ಇರುತ್ತದೆ. ಒಂದು ಗೆರೆ ಹಿಡಿದರೆ ಆ ಗೆರೆಯಲ್ಲೇ ಕೆಳಗೆ ಹೋಗಬೇಕು, ನಡುವೆ ಬದಲಿಸುವ ಆಟ ಬೇಡ. ಆಮೇಲೆ ಟ್ವಿನ್ ಲೇಕ್ಸ್ ತನಕ ಏರಿಳಿತ. ಅಲ್ಲಿಂದ ಕೊಲಂಬೈನ್ ಏರು ಶುರು, ಹತ್ತಿರ ಹತ್ತಿರ 1,000 ಮೀಟರ್. ನಂದಿ ಬೆಟ್ಟ ಎರಡು ಸಲ ಒಂದರ ಮೇಲೊಂದು ಇಟ್ಟಂತೆ, ಅದೂ 2,800 ಮೀಟರಿನಿಂದ ಶುರುವಾಗಿ. ಮರಗಳು ಮುಗಿದ ಮೇಲೆ ಕಲ್ಲಿನ ಕಡಿದಾದ ದಾರಿ. ಅಲ್ಲಿ ಹೆಚ್ಚಿನವರು ಸೈಕಲ್ ತಳ್ಳಿಕೊಂಡೇ ನಡೆಯುತ್ತಾರೆ. ನೀವೂ ನಡೆಯುತ್ತೀರಿ. ಅದಕ್ಕೆ ನಾಚಿಕೆ ಬೇಡ, ಆದರೆ ಅಭ್ಯಾಸ ಬೇಕು.

ವಾಪಸ್ ಬರುವಾಗ ಅದೇ ಪವರ್‌ಲೈನ್ ಹತ್ತಬೇಕು. 130 ಕಿ.ಮೀ. ಆಸುಪಾಸಿನಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ. ಶುರುವಿನಲ್ಲೇ 20 ಪರ್ಸೆಂಟ್ ದಾಟುವ ಏರು. ನೋಡಿದರೆ ಮುಗಿಯಿತು ಅನ್ನಿಸುತ್ತದೆ, ಆದರೆ ಮೇಲೆ ಇನ್ನೂ ಸುಳ್ಳು ತುದಿಗಳಿವೆ. ಲೆಡ್‌ವಿಲ್ ರೇಸ್ ನಡೆಯುವುದೇ ಅಲ್ಲಿ. ಬೆಳಗ್ಗೆ ಉಳಿಸಿಕೊಂಡ ಕಾಲು ಅಲ್ಲಿ ಕೆಲಸಕ್ಕೆ ಬರುತ್ತದೆ.

ಚಿಕ್ಕಮಗಳೂರು ಗಾಲಿ

ಡೆನ್ವರ್ ಅಣ್ಣ, ತುಂಬಾ ಚೆನ್ನಾಗಿ ಬರೆದಿದ್ದೀರಿ. ಒಂದು ಸಂಶಯ. ಮನಾಲಿ–ಲೇಹ್ ದಾರಿಯಲ್ಲಿ ತಂಗ್ಲಾಂಗ್ ಲಾ 5,300 ಮೀಟರ್ ದಾಟುತ್ತದೆ. ಅದನ್ನು ಹತ್ತಿದವರಿಗೆ 3,800 ಮೀಟರ್ ಏನು ಮಹಾ?

ಡೆನ್ವರ್ ಕನ್ನಡಿಗ

ಒಳ್ಳೆಯ ಪ್ರಶ್ನೆ. ಅಲ್ಲಿ ನೀವು ಎಷ್ಟೋ ದಿನ ಮೇಲೇರುತ್ತಾ ಹೋಗುತ್ತೀರಿ, ಮೈ ಹೊಂದಿಕೊಳ್ಳುತ್ತದೆ. ಗಂಟೆಗೆ ಐದು ಕಿ.ಮೀ. ಹೋದರೂ ನಡೆಯುತ್ತದೆ. ಇಲ್ಲಿ 12 ಗಂಟೆ ಮುಗಿಸಬೇಕು ಅಂದರೆ ನಿಲ್ಲುವ ಹೊತ್ತೂ ಸೇರಿಸಿ ಸರಾಸರಿ 14 ಕಿ.ಮೀ. ಹತ್ತಿರ ಬರಬೇಕು. ಎತ್ತರ ಕಡಿಮೆ, ನಿಜ. ಆದರೆ ಆ ಎತ್ತರದಲ್ಲಿ ಕೇಳುವ ಕೆಲಸ ಜಾಸ್ತಿ.

ಇಲ್ಲಿ ಗೆದ್ದವರನ್ನೇ ನೋಡಿ. 2003ರಿಂದ 2008ರವರೆಗೆ ಸತತ ಆರು ಸಲ ಗೆದ್ದ ಡೇವ್ ವೀನ್ಸ್ ಇರುವುದು ಗನ್ನಿಸನ್ ಊರಿನಲ್ಲಿ, ಅದು 2,300 ಮೀಟರ್ ದಾಟಿದ ಊರು. ಹೆಸರಾಂತ ರಸ್ತೆ ಸೈಕಲ್ ರೇಸರ್‌ಗಳಾದ ಫ್ಲಾಯ್ಡ್ ಲ್ಯಾಂಡಿಸ್ 2007ರಲ್ಲಿ, ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 2008ರಲ್ಲಿ ಬಂದಾಗಲೂ ವೀನ್ಸ್ ಅವರೇ ಮೊದಲು ಬಂದರು. ಹೆಂಗಸರಲ್ಲಿ ರೆಬೆಕಾ ರಷ್ 2009ರಿಂದ 2012ರವರೆಗೆ ನಾಲ್ಕು ಸಲ ಗೆದ್ದರು. 2015ರಲ್ಲಿ ಆಲ್ಬನ್ ಲಕಾಟಾ ಮೊದಲ ಸಲ 6 ಗಂಟೆಯೊಳಗೆ ಮುಗಿಸಿದರು. 2023ರಲ್ಲಿ ಕೀಗನ್ ಸ್ವೆನ್ಸನ್ 5 ಗಂಟೆ 43 ನಿಮಿಷದಲ್ಲಿ ಬಂದರು. ನಾವು ಕೊಲಂಬೈನ್ ತುದಿ ಮುಟ್ಟುವ ಹೊತ್ತಿಗೆ ಅವರು ಊರು ಸೇರಿರುತ್ತಾರೆ!

ಕೋಲಾರದ ಬಂಗಾರ

ರೇಸ್ ಬಗ್ಗೆ ನನಗೆ ಅಷ್ಟು ಗೊತ್ತಿಲ್ಲ, ನಂದಿ ತನಕ ತುಳಿಯುವವನು ನಾನು. ಆದರೆ ಈ ಊರಿನ ಕಥೆ ಓದಿ ಮನಸ್ಸಿಗೆ ತಟ್ಟಿತು. ಅಲ್ಲಿನ ಕ್ಲೈಮ್ಯಾಕ್ಸ್ ಗಣಿಯಲ್ಲಿ ಉಕ್ಕಿಗೆ ಸೇರಿಸುವ ಮಾಲಿಬ್ಡಿನಮ್ ತೆಗೆಯುತ್ತಿದ್ದರಂತೆ. 1980ರ ದಶಕದ ಶುರುವಿನಲ್ಲಿ ಗಣಿ ನಿಂತು ಸಾವಿರಾರು ಜನರ ಕೆಲಸ ಹೋಯಿತು. ಆಗ ಕೆನ್ ಕ್ಲೌಬರ್ ಅನ್ನುವ ಗಣಿ ಕೆಲಸಗಾರ ಊರಿಗೆ ಜನ ಬರಲಿ ಅಂತ 1983ರಲ್ಲಿ 100 ಮೈಲಿ ಓಟ ಶುರು ಮಾಡಿದರು. ಅದಾಗಿ ಹನ್ನೊಂದು ವರ್ಷಕ್ಕೆ ಬಂದದ್ದು ಈ ಸೈಕಲ್ ರೇಸ್.

ನಮ್ಮ ಕೆಜಿಎಫ್ 2001ರಲ್ಲಿ ಮುಚ್ಚಿತು. ಇವತ್ತಿಗೂ ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬರುವ ಜನ ಎಷ್ಟು ಅಂತ ಬಲ್ಲವರಿಗೆ ಗೊತ್ತು. ಸೈನೈಡ್ ದಿಬ್ಬಗಳ ಸುತ್ತ ಇರುವ ಬಯಲಿನಲ್ಲಿ, ಜನರ ಆರೋಗ್ಯಕ್ಕೆ ತೊಂದರೆ ಆಗದ ಜಾಗ ನೋಡಿ, ಯಾರಾದರೂ ಇಂಥದ್ದೊಂದು ಮಾಡಬೇಕು ಅಂತ ನನಗೆ ತುಂಬಾ ಆಸೆ. ವಿಷಯ ಬಿಟ್ಟು ಮಾತಾಡಿದ್ದಕ್ಕೆ ಕ್ಷಮೆ ಇರಲಿ.

ಉಡುಪಿ ಡಾಕ್ಟ್ರು

ಮಲ್ಲೇಶ್ವರದವರೇ, ಎತ್ತರದ ವಿಷಯಕ್ಕೆ ಬರುತ್ತೇನೆ. ನಾನು ವೈದ್ಯ, ಸೈಕಲ್ ಕೂಡ ತುಳಿಯುತ್ತೇನೆ. ಇಲ್ಲಿ ಬರೆದದ್ದನ್ನು ನಿಮ್ಮ ಸ್ವಂತ ಡಾಕ್ಟರ ಹತ್ತಿರ ಕೂತು ಮಾತಾಡಿ.

ಆಮ್ಲಜನಕದ ಪಾಲು ಎಲ್ಲ ಕಡೆ ಒಂದೇ, 21 ಪರ್ಸೆಂಟ್. ಇಳಿಯುವುದು ಗಾಳಿಯ ಒತ್ತಡ. ಸಮುದ್ರ ಮಟ್ಟಕ್ಕೆ ಹೋಲಿಸಿದರೆ ಬೆಂಗಳೂರಿನಲ್ಲಿ ಸುಮಾರು 90 ಪರ್ಸೆಂಟ್ ಒತ್ತಡ ಇರುತ್ತದೆ. ಲೆಡ್‌ವಿಲ್‌ನಲ್ಲಿ 70ರ ಹತ್ತಿರ. ಹಾಗಾಗಿ ಒಂದೊಂದು ಉಸಿರಿಗೂ ರಕ್ತಕ್ಕೆ ಸಿಗುವ ಆಮ್ಲಜನಕ ಕಡಿಮೆ. ಮೈ ಇದಕ್ಕೆ ಹಂತ ಹಂತವಾಗಿ ಹೊಂದಿಕೊಳ್ಳುತ್ತದೆ. ಮೊದಲ ಒಂದೆರಡು ದಿನ ಉಸಿರಾಟ ಜೋರಾಗುತ್ತದೆ, ಮೂತ್ರ ಜಾಸ್ತಿ ಹೋಗುತ್ತದೆ, ರಕ್ತದಲ್ಲಿನ ನೀರಿನಂಶ ಇಳಿಯುತ್ತದೆ. ರಾತ್ರಿ ನಿದ್ದೆ ಕೆಡುತ್ತದೆ, ಉಸಿರು ನಿಂತು ನಿಂತು ಬಂದಂತೆ ಆಗಿ ಎಚ್ಚರ ಆಗುತ್ತದೆ. ಒಂದು ವಾರ, ಹತ್ತು ದಿನಕ್ಕೆ ಇದೆಲ್ಲ ಬಹಳಷ್ಟು ಸರಿಹೋಗುತ್ತದೆ. ಕೆಂಪು ರಕ್ತಕಣ ನಿಜವಾಗಿ ಹೆಚ್ಚಾಗಬೇಕಾದರೆ ಮೂರು ನಾಲ್ಕು ವಾರ ಬೇಕು.

ರಕ್ತಕಣ ಆಗಬೇಕಾದರೆ ಕಬ್ಬಿಣ ಬೇಕು. ನಮ್ಮಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಕಡಿಮೆ ಇರುವುದು ತುಂಬಾ ಸಾಮಾನ್ಯ. ಏಪ್ರಿಲ್‌ನಲ್ಲೇ ಒಂದು ರಕ್ತಪರೀಕ್ಷೆ ಮಾಡಿಸಿ. ಕಡಿಮೆ ಇದ್ದರೆ ಸರಿಪಡಿಸಲು ಮೂರು ತಿಂಗಳಾದರೂ ಬೇಕು. ಪರೀಕ್ಷೆ ಮಾಡಿಸದೆ ಸುಮ್ನೆ ಕಬ್ಬಿಣದ ಮಾತ್ರೆ ನುಂಗಬೇಡಿ, ಜಾಸ್ತಿಯಾದರೂ ಕೆಟ್ಟದ್ದೇ.

ಡೈಮಾಕ್ಸ್, ಅಂದರೆ ಅಸೆಟಜೋಲಮೈಡ್, ಪ್ರವಾಸಿಗರಿಗೆ ಒಳ್ಳೆಯ ಔಷಧಿ. ಆದರೆ ಅದು ಮೂತ್ರ ಹೆಚ್ಚಿಸುವ ಔಷಧಿಗಳ ಗುಂಪಿಗೆ ಸೇರುತ್ತದೆ, ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧದ ಪಟ್ಟಿಯಲ್ಲಿದೆ. ರೇಸ್ ತುಳಿಯುವವರು ಅದನ್ನು ನೆಚ್ಚಿಕೊಳ್ಳಬೇಡಿ. ರೇಸ್ ದಿನ ನೋವಿನ ಮಾತ್ರೆಯೂ ಬೇಡ. ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿಗೆ ಕಷ್ಟ.

ಇನ್ನೊಂದು ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ತಲೆನೋವು, ವಾಕರಿಕೆ ಇದ್ದರೆ ಆ ದಿನ ವಿಶ್ರಾಂತಿ. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ಎದೆಯಲ್ಲಿ ಗೊರಗೊರ ಬಂದರೆ, ಅಥವಾ ನಡೆಯುವಾಗ ತೂರಾಡಿದರೆ, ಮಾತು ತೊದಲಿದರೆ, ಅದು ಶ್ವಾಸಕೋಶಕ್ಕೋ ಮಿದುಳಿಗೋ ನೀರು ತುಂಬುತ್ತಿರುವ ಸೂಚನೆ. ಆಗ ತಕ್ಷಣ ಕೆಳಗಿನ ಊರಿಗೆ ಇಳಿಯಬೇಕು, ಆಸ್ಪತ್ರೆಗೆ ಹೋಗಬೇಕು. ಬೆಳಗಾಗಲಿ ಅಂತ ಕಾಯಬಾರದು.

ಯಲಹಂಕ ಎಕ್ಸ್‌ಪ್ರೆಸ್

ಎತ್ತರದ ರೇಸ್‌ಗೆ ಹಿಂದಿನ ದಿನ ಹೋಗಿ ಇಳಿಯುವುದೇ ಒಳ್ಳೆಯದು ಅಂತ ಕೇಳಿದ್ದೇನೆ. ಮೈಗೆ ಗೊತ್ತಾಗುವ ಮೊದಲೇ ರೇಸ್ ಮುಗಿಸಿಬಿಡುವುದು. ರಜೆಯೂ ಉಳಿಯುತ್ತದೆ, ಅಲ್ವಾ?

ಉಡುಪಿ ಡಾಕ್ಟ್ರು

ಅಮೆರಿಕದಲ್ಲೇ ಇರುವವರು ಹಾಗೆ ಮಾಡುತ್ತಾರೆ. 24 ಗಂಟೆಯೊಳಗೆ ಬಂದು ತುಳಿದರೆ ನಿದ್ದೆಗೇಡು, ನೀರಿನ ನಷ್ಟ ಇವೆಲ್ಲ ಶುರುವಾಗುವ ಮೊದಲೇ ಮುಗಿಯುತ್ತದೆ ಅನ್ನುವ ಲೆಕ್ಕ. ಆದರೆ ಬೆಂಗಳೂರಿನಿಂದ ಹೋಗುವವರಿಗೆ ಅದು ಆಗದ ಮಾತು. ಬೇಸಿಗೆಯಲ್ಲಿ ಡೆನ್ವರ್‌ಗೂ ನಮಗೂ ಹನ್ನೊಂದೂವರೆ ಗಂಟೆ ವ್ಯತ್ಯಾಸ. ಹಗಲು ರಾತ್ರಿ ಪೂರ್ತಿ ಅದಲು ಬದಲು. ವಿಮಾನದಲ್ಲಿ ಕೂತು ಊದಿಕೊಂಡ ಕಾಲು, ನಡುರಾತ್ರಿಗೆ ಹಸಿವು, ಮಧ್ಯಾಹ್ನಕ್ಕೆ ನಿದ್ದೆ. ಜೆಟ್ ಲ್ಯಾಗ್ ಕಳೆಯಲೇ ಒಂದು ವಾರ ದಾಟುತ್ತದೆ. ಹೇಗೂ ಅಷ್ಟು ದಿನ ಬೇಕು, ಅದನ್ನು ಎತ್ತರದಲ್ಲೇ ಕಳೆದರೆ ಎರಡೂ ಕೆಲಸ ಒಟ್ಟಿಗೆ ಆಗುತ್ತದೆ. ನನ್ನ ಸಲಹೆ ಎರಡು ವಾರ. ಆಗದಿದ್ದರೆ ಹತ್ತು ದಿನಕ್ಕಿಂತ ಕಡಿಮೆ ಮಾಡಬೇಡಿ. ಮೂರು ದಿನ ಮೊದಲು ಹೋಗುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ.

ಡೆನ್ವರ್ ಕನ್ನಡಿಗ

ಡಾಕ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ಎಲ್ಲಿ ಉಳಿಯಬೇಕು ಅಂತ ನಾನು ಹೇಳುತ್ತೇನೆ. ಇಳಿದ ಕೂಡಲೇ ಲೆಡ್‌ವಿಲ್‌ಗೆ ಓಡಬೇಡಿ. ಒಂದೆರಡು ರಾತ್ರಿ ಡೆನ್ವರ್‌ನಲ್ಲಿ, ಇದು 1,600 ಮೀಟರ್. ಆಮೇಲೆ ಬ್ಯೂನಾ ವಿಸ್ಟಾ ಅನ್ನುವ ಊರು, 2,400 ಮೀಟರ್. ಅಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ, ರೂಮ್ ಕೂಡ ಲೆಡ್‌ವಿಲ್‌ಗಿಂತ ಸುಲಭವಾಗಿ ಸಿಗುತ್ತದೆ. ಅಲ್ಲಿಂದ ಕಾರಿನಲ್ಲಿ ಮೇಲೆ ಬಂದು ದಾರಿಯ ತುಂಡು ತುಂಡು ತುಳಿದು ನೋಡಬಹುದು. ಮೊದಲ ನಾಲ್ಕು ದಿನ ಬರೀ ಹಗುರ ಸವಾರಿ. ಕೊನೆಯ ಐದಾರು ರಾತ್ರಿ ಲೆಡ್‌ವಿಲ್‌ನಲ್ಲಿ ಮಲಗಿ.

ಚಿಕ್ಕಮಗಳೂರು ಗಾಲಿ

ಜೂನ್‌ನಲ್ಲಿ ಹಿಮಾಚಲಕ್ಕೆ ಒಂದು ಸುತ್ತು ಹೋಗಿಬಂದರೆ? ಜಲೋರಿ ಪಾಸ್ ತುದಿ ಸುಮಾರು 3,100 ಮೀಟರ್, ಅಂದರೆ ಲೆಡ್‌ವಿಲ್‌ನ ಪೇಟೆ ಬೀದಿಯಷ್ಟೇ ಎತ್ತರ. ಏರಂತೂ ಭಯಂಕರ. ಸ್ಪಿತಿಗೆ ಹೋದರೆ ಕಾಜಾ ಇನ್ನೂ ಮೇಲೆ.

ಉಡುಪಿ ಡಾಕ್ಟ್ರು

ಹೋಗಲಿ, ಆದರೆ ಯಾತಕ್ಕೆ ಅಂತ ತಿಳಿದು ಹೋಗಲಿ. ಜೂನ್‌ನಲ್ಲಿ ಆದ ಹೊಂದಾಣಿಕೆ ಕೆಳಗೆ ಬಂದ ಎರಡು ಮೂರು ವಾರದಲ್ಲಿ ಬಹುಪಾಲು ಕರಗಿಹೋಗುತ್ತದೆ. ಆಗಸ್ಟ್‌ಗೆ ಉಳಿಯುವುದಿಲ್ಲ. ಉಳಿಯುವುದು ಅನುಭವ. ಎಷ್ಟು ತುಳಿದರೆ ಉಸಿರು ಸಿಗುತ್ತದೆ, ಎಷ್ಟಕ್ಕೆ ತಪ್ಪುತ್ತದೆ, ಯಾವ ತಿಂಡಿ ಹೊಟ್ಟೆಗೆ ಒಗ್ಗುತ್ತದೆ, ಇದನ್ನು ಬೆಂಗಳೂರಿನಲ್ಲಿ ಕಲಿಯಲು ಆಗುವುದಿಲ್ಲ.

ಚಿಕ್ಕಮಗಳೂರು ಗಾಲಿ

ಅರ್ಥವಾಯಿತು ಡಾಕ್ಟ್ರೇ. ಹಾಗಾದರೆ ತರಬೇತಿ ನಮ್ಮ ಊರಿಗೆ ಬಂದು ಮಾಡಿ ಸರ್. ಮುಳ್ಳಯ್ಯನಗಿರಿ 1,930 ಮೀಟರ್, ಎತ್ತರದ ಲೆಕ್ಕದಲ್ಲಿ ಏನೂ ಅಲ್ಲ, ಆದರೆ ಕಾಲಿಗೆ ಬೇಕಾದ ಏರು ಇದೆ. ಬಾಬಾಬುಡನ್‌ಗಿರಿ ಕಡೆಯ ಜಲ್ಲಿ ದಾರಿ, ಕಾಫಿ ತೋಟದ ನಡುವಿನ ಮಣ್ಣಿನ ರಸ್ತೆ, ಎಲ್ಲ ಇದೆ. ವಾರದ ದಿನ ಬನ್ನಿ. ಶನಿವಾರ ಭಾನುವಾರ ಕಾರುಗಳ ಸಾಲಿನಲ್ಲಿ ಸಿಕ್ಕಿಬೀಳುತ್ತೀರಿ.

ಡೆನ್ವರ್ ಕನ್ನಡಿಗ

ತರಬೇತಿ ಬಗ್ಗೆ ನನ್ನ ಅನಿಸಿಕೆ. ಈಗಿನಿಂದ ಮೇ ತನಕ ಎಫ್‌ಟಿಪಿ ಏರಿಸಲು ಕೆಲಸ ಮಾಡಿ. ವಾರಕ್ಕೆ ಎರಡು ಸಲ ಟ್ರೇನರ್ ಮೇಲೆ 20 ನಿಮಿಷದ್ದು ಎರಡು ಮೂರು ಸುತ್ತು, ಎಫ್‌ಟಿಪಿಯ 90 ಪರ್ಸೆಂಟ್ ಆಸುಪಾಸಿನಲ್ಲಿ. ಉಳಿದ ದಿನ ಮಾತಾಡಿಕೊಂಡು ತುಳಿಯುವಷ್ಟು ನಿಧಾನ. ಆಗಸ್ಟ್ ಹೊತ್ತಿಗೆ 240 ಮುಟ್ಟಿದರೆ 12 ಗಂಟೆ ನಿಮ್ಮ ಕೈಗೆಟುಕುತ್ತದೆ. 220ರಲ್ಲೇ ಉಳಿದರೂ ಆಗುತ್ತದೆ, ಆದರೆ ಎಲ್ಲೂ ಹೊತ್ತು ಕಳೆಯುವಂತಿಲ್ಲ.

ಜೂನ್, ಜುಲೈನಲ್ಲಿ ಉದ್ದ ಸವಾರಿ. ನಂದಿ ಒಂದು ಸಲ ಹತ್ತಿ ಇಡ್ಲಿ ತಿಂದು ವಾಪಸ್ ಬಂದರೆ ಸಾಲದು. ಬುಡದಿಂದ ತುದಿಗೆ ಸುಮಾರು 450 ಮೀಟರ್ ಏರು. ಎಂಟು ಸಲ ಹತ್ತಿದರೆ ಲೆಡ್‌ವಿಲ್‌ನ ಒಟ್ಟು ಏರು. ಎಂಟು ಬೇಡ, ನಾಲ್ಕೈದು ಸಲ ಹತ್ತಿ, ಅದೂ ಮೌಂಟನ್ ಬೈಕ್‌ನಲ್ಲಿ. ರೋಡ್ ಬೈಕ್ ಮೇಲೆ ಕೂರುವ ಭಂಗಿಯೇ ಬೇರೆ. ಎಂಟು ಗಂಟೆ ತುಳಿದ ಮೇಲೆ ಮೊದಲು ಸೋಲುವುದು ಸೊಂಟ ಮತ್ತು ಅಂಗೈ. ಇಳಿಯುವುದನ್ನು ಅವಲಹಳ್ಳಿಯಂಥ ಕಡೆ ಕಲಿಯಿರಿ. ತಿಂಗಳಿಗೊಮ್ಮೆಯಾದರೂ ಕಡಿದಾದ ದಾರಿಯಲ್ಲಿ ಅರ್ಧ ಗಂಟೆ ಸೈಕಲ್ ತಳ್ಳಿಕೊಂಡು ನಡೆಯಿರಿ, ರೇಸ್‌ನಲ್ಲಿ ಹಾಕುವ ಶೂನಲ್ಲೇ. ಹಿಮ್ಮಡಿ ಕಚ್ಚುವ ಶೂ ಯಾವುದು ಅಂತ ಆಗಲೇ ಗೊತ್ತಾಗಲಿ.

ವ್ಯಾಟ್ ಮೀಟರ್ ಇಲ್ಲದಿದ್ದರೂ ಚಿಂತೆ ಇಲ್ಲ. ಏರಿನಲ್ಲಿ ಒಂದು ಪೂರ್ತಿ ವಾಕ್ಯ ಹೇಳಲು ಆಗಬೇಕು. ಎರಡೇ ಪದಕ್ಕೆ ಉಸಿರು ನಿಂತರೆ ಗೇರ್ ಇಳಿಸಿ.

ಧಾರವಾಡ ಪೆಡಲ್

ಊಟದ ಬಗ್ಗೆ ಯಾರೂ ಮಾತಾಡಲಿಲ್ಲ ನೋಡ್ರಿ! ನಾನು ಹಿಮಾಚಲದ ಹಲವು ದಿನಗಳ ಎಂಟಿಬಿ ರೇಸ್ ತುಳಿದವಳು. ಎತ್ತರದಲ್ಲಿ ಹಸಿವೇ ಆಗುವುದಿಲ್ಲ. ಹಸಿವಾಗುವ ತನಕ ಕಾದರೆ ಕೆಲಸ ಕೆಟ್ಟಂತೆ. ಗಂಟೆಗೆ 60ರಿಂದ 80 ಗ್ರಾಂ ಕಾರ್ಬ್, ಅಂದರೆ ಸಕ್ಕರೆ ಪಿಷ್ಟದ ಅಂಶ, ಹೊಟ್ಟೆಗೆ ಹೋಗಬೇಕು, ಮೊದಲ ಗಂಟೆಯಿಂದಲೇ. ಗಡಿಯಾರದಲ್ಲಿ 20 ನಿಮಿಷಕ್ಕೊಮ್ಮೆ ಅಲಾರಂ ಇಡ್ರಿ.

ದುಬಾರಿ ಪುಡಿ ಬೇಕಂತ ಇಲ್ಲ. ನಾನು ಮನೆಯಲ್ಲೇ ಮಾಡುವುದು ಇದು: 750 ಎಂಎಲ್ ಬಾಟಲಿಗೆ 60 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ಅರ್ಧ ನಿಂಬೆಹಣ್ಣು. ಸಕ್ಕರೆಯಲ್ಲಿ ಗ್ಲೂಕೋಸು ಫ್ರಕ್ಟೋಸು ಅರ್ಧರ್ಧ ಇರುತ್ತದೆ, ಎರಡೂ ಬೇರೆ ಬೇರೆ ದಾರಿಯಲ್ಲಿ ಒಳಗೆ ಹೋಗುವುದರಿಂದ ಹೊಟ್ಟೆ ಉಬ್ಬರಿಸುವುದು ಕಡಿಮೆ. ಸಿಹಿ ಸಾಕಾದಾಗ ಉಪ್ಪು ಹಾಕಿ ಬೇಯಿಸಿದ ಸಣ್ಣ ಆಲೂಗಡ್ಡೆ. ಶೇಂಗಾ ಚಿಕ್ಕಿ ನನಗೆ ಪ್ರಾಣ, ಆದರೆ ಏದುಸಿರು ಬಿಡುವಾಗ ಅಗಿಯಲಿಕ್ಕೆ ಆಗುವುದಿಲ್ಲ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಮೆತ್ತಗಿನದ್ದೇ ಇರಲಿ. ಇದನ್ನೆಲ್ಲ ನಂದಿ ಮೇಲೆ ಎಷ್ಟೋ ವಾರ ತಿಂದು ನೋಡಿ ಆಮೇಲೆ ಅಮೆರಿಕಕ್ಕೆ ಹೋಗ್ರಿ. ಹೊಟ್ಟೆಗೂ ತರಬೇತಿ ಬೇಕು.

ಡೆನ್ವರ್ ಕನ್ನಡಿಗ

ಅಕ್ಕ ಹೇಳಿದ್ದು ಬಹಳ ಮುಖ್ಯ. ದಾರಿಯಲ್ಲಿ ನೀರು ತಿಂಡಿ ಸಿಗುವ ಪೈಪ್‌ಲೈನ್ ಮತ್ತು ಟ್ವಿನ್ ಲೇಕ್ಸ್ ನಿಲ್ದಾಣಗಳನ್ನು ಹೋಗುವಾಗಲೂ ಬರುವಾಗಲೂ ದಾಟುತ್ತೀರಿ, ಕ್ರೂ ಅಲ್ಲಿ ಬಾಟಲಿ ಕೊಡಬಹುದು. ಒಂದು ಸೇರಿಸುತ್ತೇನೆ: ಆಗಸ್ಟ್ ಮಧ್ಯಾಹ್ನ ಇಲ್ಲಿ ಗುಡುಗು ಮಿಂಚು ಸಾಮಾನ್ಯ. ಕೊಲಂಬೈನ್ ತುದಿಯಲ್ಲಿ ಮರಗಳಿಲ್ಲ, ಬಯಲು. ಬಿಸಿಲಿದ್ದರೂ ತೆಳು ಮಳೆ ಜಾಕೆಟ್ ಜೇಬಿನಲ್ಲಿರಲಿ. ಅಲ್ಲಿ ಸುಮ್ಮನೆ ಫೋಟೋ ತೆಗೆಯುತ್ತಾ ನಿಲ್ಲಬೇಡಿ.

ಸ್ಪ್ಯಾನರ್ ಸ್ವಾಮಿ

ಸೈಕಲ್ ವಿಷಯ ನನಗೆ ಬಿಡಿ. ನಿಮ್ಮದೇ ಸೈಕಲ್ ಒಯ್ಯಿರಿ. ಬಾಡಿಗೆ ಸೈಕಲ್‌ನಲ್ಲಿ ಒಂದು ದೊಡ್ಡ ಅಪಾಯ ಇದೆ, ಅದನ್ನು ಯಾರೂ ಹೇಳುವುದಿಲ್ಲ. ನಮ್ಮಲ್ಲಿ ಮುಂದಿನ ಬ್ರೇಕ್ ಬಲಗೈಗೆ, ಮೋಟಾರ್ ಬೈಕ್ ಹಾಗೆ. ಅಮೆರಿಕದಲ್ಲಿ ಮುಂದಿನ ಬ್ರೇಕ್ ಎಡಗೈಗೆ. ಪವರ್‌ಲೈನ್ ಕೊರಕಲಿನಲ್ಲಿ ಗಾಬರಿಯಾಗಿ ಎಡಗೈ ಒತ್ತಿದಿರೋ, ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳುತ್ತೀರಿ. ಬಾಡಿಗೆಗೇ ತೆಗೆದುಕೊಂಡರೆ ಅಂಗಡಿಯವರಿಗೆ ಹೇಳಿ ಬ್ರೇಕ್ ಪೈಪ್ ಅದಲು ಬದಲು ಮಾಡಿಸಿಕೊಳ್ಳಿ.

ಎರಡನೆಯದು ಟೈರ್. ಡೆನ್ವರ್‌ನಲ್ಲಿ ಗಾಳಿ ಹಾಕಿಸಿ ಲೆಡ್‌ವಿಲ್‌ಗೆ ಕಾರಿನಲ್ಲಿ ಹೋದರೆ ಹೊರಗಿನ ಒತ್ತಡ ಇಳಿದು ಟೈರ್ 2 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಟ್ಟಿಯಾಗುತ್ತದೆ. 20 ಪಿಎಸ್‌ಐನಲ್ಲಿ ಓಡಿಸುವ ಟೈರ್‌ಗೆ 2 ಸಣ್ಣದಲ್ಲ, ಕಲ್ಲಿನ ಮೇಲೆ ಪುಟಿಯುತ್ತದೆ. ಮೇಲೆ ಹೋದ ಮೇಲೆ ಗೇಜ್ ಇಟ್ಟು ನೋಡಿ. ಗೇರ್ ಮುಂದೆ 30 ಹಲ್ಲು, ಹಿಂದೆ 52 ಇರಲಿ. ಮುಂದೆ 34 ಹಾಕಿಕೊಂಡು ಪವರ್‌ಲೈನ್‌ಗೆ ಹೋಗಬೇಡಿ.

ಡೆನ್ವರ್ ಕನ್ನಡಿಗ

ಬ್ರೇಕ್ ಮಾತಿಗೆ ಇನ್ನೊಂದು. ಕೊಲಂಬೈನ್‌ನಲ್ಲಿ ಹತ್ತುವವರು, ಇಳಿಯುವವರು ಒಂದೇ ದಾರಿ. ನೀವು ಹತ್ತುವಾಗ ಎದುರಿನಿಂದ ಜೋರಾಗಿ ಇಳಿದು ಬರುತ್ತಿರುತ್ತಾರೆ. ಇಲ್ಲಿ ಎಲ್ಲರೂ ಬಲಗಡೆ ಹಿಡಿಯುತ್ತಾರೆ. ಸುಸ್ತಾದಾಗ ನಮ್ಮ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಬಂದ ಮೊದಲ ದಿನದಿಂದಲೇ ಬಲಗಡೆ ತುಳಿದು ಅಭ್ಯಾಸ ಮಾಡಿ.

ಮಲ್ಲೇಶ್ವರದ ಸವಾರ

ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ. ಹೆಂಡತಿ ಜೊತೆ ಕೂತು ಲೆಕ್ಕ ಹಾಕಿದೆ. ಎರಡು ವಾರದ ರಜೆ ಸಿಗುತ್ತದೆ. ಡೆನ್ವರ್, ಬ್ಯೂನಾ ವಿಸ್ಟಾ, ಲೆಡ್‌ವಿಲ್ ಅನ್ನುವ ಕ್ರಮ ಇಟ್ಟುಕೊಳ್ಳುತ್ತೇನೆ. ಜೂನ್‌ನಲ್ಲಿ ಒಂದು ವಾರ ಜಲೋರಿ ಕಡೆ, ಡಾಕ್ಟ್ರು ಹೇಳಿದಂತೆ ಉಸಿರಿನ ಲೆಕ್ಕ ಕಲಿಯಲು. ನನ್ನದೇ ಸೈಕಲ್ ಒಯ್ಯುತ್ತೇನೆ. ಒಂದೇ ಪ್ರಶ್ನೆ ಉಳಿದಿದೆ. ಕೊಲಂಬೈನ್ ತುದಿಗೆ ಎಷ್ಟು ಹೊತ್ತಿಗೆ ಮುಟ್ಟಿದರೆ ನಿಶ್ಚಿಂತೆ?

ಡೆನ್ವರ್ ಕನ್ನಡಿಗ

ರೇಸ್ ಶುರುವಾಗಿ ಐದೂಮುಕ್ಕಾಲು ಗಂಟೆಯೊಳಗೆ ಮುಟ್ಟಿದರೆ ಒಳ್ಳೆಯದು. ಆರು ಗಂಟೆ ಆಗಿದ್ದರೂ ಕಾಲಿನಲ್ಲಿ ಜೀವ ಇದ್ದರೆ ಹೆದರಬೇಡಿ, ನಿಲ್ದಾಣಗಳಲ್ಲಿ ಕೂರದೆ ಹೊತ್ತು ಉಳಿಸಿಕೊಳ್ಳಬಹುದು. ಐದೇ ಗಂಟೆಯಲ್ಲಿ ಮುಟ್ಟಿದಿರಿ ಅಂದರೆ ಜೋರಾಗಿ ತುಳಿದಿದ್ದೀರಿ ಅಂತ ಅರ್ಥ, ಆಗ ಪವರ್‌ಲೈನ್ ತನಕ ತಿನ್ನುತ್ತಾ ನಿಧಾನಕ್ಕೆ ಬನ್ನಿ.

ರೂಮ್ ಮಾತ್ರ ಈ ವಾರವೇ ಬುಕ್ ಮಾಡಿ. ಸಣ್ಣ ಊರು, ರೇಸ್ ವಾರ ಒಂದು ಹಾಸಿಗೆಯೂ ಉಳಿಯುವುದಿಲ್ಲ. ಡೆನ್ವರ್‌ನ ಎರಡು ರಾತ್ರಿ ನಮ್ಮ ಮನೆಯಲ್ಲೇ ಇರಿ, ಮನೆಯವರನ್ನೂ ಕರೆದುಕೊಂಡು ಬನ್ನಿ. ಟ್ವಿನ್ ಲೇಕ್ಸ್‌ನಲ್ಲಿ ಬಾಟಲಿ ಹಿಡಿದು ನಿಲ್ಲಲು ನಾನಿದ್ದೇನೆ. ಧಾರವಾಡದ ಅಕ್ಕನ ಆಲೂಗಡ್ಡೆ ಬೇಯಿಸಿ ತರುತ್ತೇನೆ.

ಉಡುಪಿ ಡಾಕ್ಟ್ರು

ಫೆರಿಟಿನ್ ರಿಪೋರ್ಟ್ ಬಂದಾಗ ಹೇಳಿ ಮಲ್ಲೇಶ್ವರದವರೇ. ಮರೆಯಬೇಡಿ, ಏಪ್ರಿಲ್.